ಉಲ್ಲೇಖಗಳನ್ನು ಎಣಿಸುವ ಮೊದಲು ಪ್ರಬಂಧಗಳನ್ನು ಓದಿ: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಮತ್ತು ನೇಮಕಾತಿ ಹಾಗೂ ಬಡ್ತಿ ಸಮಿತಿಗಳ ಗೌರವಾನ್ವಿತ ಸದಸ್ಯರಿಗೆ,

ವಿಷಯ: ಆಣ್ವಿಕ ಜೀವವಿಜ್ಞಾನದ ಅಭ್ಯರ್ಥಿಗಳ ಪ್ರಕಟಣೆ ಮತ್ತು ಉಲ್ಲೇಖಗಳ ಮೌಲ್ಯಮಾಪನದ ಕುರಿತು

ಮಾನ್ಯರೇ,

ಮುಂದಿನ ಬಾರಿ ತಮ್ಮ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಅಥವಾ ಪ್ರಾಣಿಶಾಸ್ತ್ರ ವಿಭಾಗಕ್ಕೆ ಮಾಲಿಕ್ಯುಲರ್ ಬಯಾಲಜಿ ಬಲ್ಲ ಸಂಶೋಧಕರನ್ನು ಆರಿಸುವಾಗ, ಅಥವಾ ಈಗಾಗಲೇ ಇರುವವರಿಗೆ ಪ್ರಾಧ್ಯಾಪಕ ಹುದ್ದೆಗೆ ಬಡ್ತಿ ಕೊಡುವಾಗ, ಅವರು ಬರೆದ ಪ್ರಬಂಧಗಳಲ್ಲಿ ಕೆಲವನ್ನಾದರೂ ಸಮಿತಿಯವರು ಓದಿರಬೇಕು ಎಂಬ ಒಂದೇ ಕೋರಿಕೆಯನ್ನು ಮುಂದಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಕೋರಿಕೆ ಇಷ್ಟು ಸರಳವಾಗಿರುವುದರಿಂದ ಇದಕ್ಕೆ ಬಹಿರಂಗ ಪತ್ರವೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ವಿಷಯ ತಜ್ಞನಾಗಿ ಇಂಥ ಸಭೆಗಳಲ್ಲಿ ಕುಳಿತು ಬಂದವನಾಗಿ, ಓದು ಎನ್ನುವುದೇ ಆ ಕೊಠಡಿಗಳಿಂದ ಹೊರಗುಳಿದಿರುವುದನ್ನು ನಾನು ಕಂಡಿದ್ದೇನೆ. ಇದು ಯಾವುದೋ ಒಂದು ಸಂಸ್ಥೆಯ ದೂರಲ್ಲ. ಎಲ್ಲೆಡೆ ರೂಢಿಯಾಗಿಹೋದ ಪದ್ಧತಿ ಇದು. ಆದ್ದರಿಂದಲೇ ಒಬ್ಬರ ಕಿವಿಯಲ್ಲಿ ಹೇಳಿ ಮುಗಿಸುವ ಬದಲು ಎಲ್ಲರ ಮುಂದೆ ಇಡುತ್ತಿದ್ದೇನೆ.

ಸಭೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಹೊರಗಿನ ಓದುಗರಿಗಾಗಿ ಸ್ವಲ್ಪ ಹೇಳಬೇಕು. ಪ್ರತಿಯೊಬ್ಬ ಸದಸ್ಯರ ಮುಂದೆಯೂ ಒಂದು ಎಕ್ಸೆಲ್ ಹಾಳೆ ಇರುತ್ತದೆ. ಎಡಗಡೆ ಅಭ್ಯರ್ಥಿಯ ಹೆಸರು, ಆಮೇಲೆ ಪ್ರಬಂಧಗಳ ಸಂಖ್ಯೆ, ಒಟ್ಟು ಸೈಟೇಶನ್ (ಬೇರೆ ಪ್ರಬಂಧಗಳು ಇವರದನ್ನು ಉಲ್ಲೇಖಿಸಿದ ಎಣಿಕೆ), ಎಚ್-ಇಂಡೆಕ್ಸ್ (ಅದು 10 ಎಂದರೆ, ಕನಿಷ್ಠ 10 ಉಲ್ಲೇಖ ಪಡೆದ 10 ಪ್ರಬಂಧಗಳಿವೆ ಎಂದರ್ಥ), ಐ-10 ಇಂಡೆಕ್ಸ್ (ಹತ್ತು ಅಥವಾ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಗಳ ಸಂಖ್ಯೆ), ಕೊನೆಯಲ್ಲಿ ಎಲ್ಲ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನು ಕೂಡಿಸಿದ ಒಂದು ಮೊತ್ತ. ಒಂದು ಜರ್ನಲ್ಲಿನ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಎಂಬ ಅಂಕಿಯೇ ಇಂಪ್ಯಾಕ್ಟ್ ಫ್ಯಾಕ್ಟರ್. ಅಭ್ಯರ್ಥಿಗಳು ಬೆವರು ಸುರಿಸಿ ಜೋಡಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದ ಪ್ರಬಂಧಗಳ ಕಟ್ಟುಗಳು ಪಕ್ಕದ ಮೇಜಿನ ಮೇಲೆ ಇರುತ್ತವೆ. ಅಂಥ ಒಂದು ಸಭೆಯಲ್ಲಿ ಮೇಲೊಂದು ಕೆಳಗೊಂದು ಸಾಲಿನಲ್ಲಿದ್ದ ಇಬ್ಬರ ಕಟ್ಟುಗಳನ್ನು ಊಟದ ವಿರಾಮದಲ್ಲಿ ತೆಗೆದು ನೋಡಿದೆ. ಮೊದಲನೆಯವರ ಪಟ್ಟಿ ಬಹಳ ಉದ್ದವಾಗಿತ್ತು, ಆದರೆ ಹೆಚ್ಚಿನ ಪ್ರಬಂಧಗಳಲ್ಲಿ ಅವರ ಹೆಸರು ಹತ್ತು ಹನ್ನೆರಡು ಹೆಸರುಗಳ ನಡುವೆ ಎಲ್ಲೋ ಇತ್ತು. ಎರಡನೆಯವರ ಪಟ್ಟಿ ಒಂದು ಪುಟವನ್ನೂ ತುಂಬಿರಲಿಲ್ಲ. ಅವರ ಒಂದು ಪ್ರಬಂಧದ ಅನುಬಂಧದಲ್ಲಿ, ಮಾದರಿಯಲ್ಲಿ ಒಂದು ಪ್ರೋಟೀನ್ ಇದೆಯೇ ಎಂದು ಪ್ರತಿಕಾಯದಿಂದ ಪತ್ತೆಹಚ್ಚುವ ವೆಸ್ಟರ್ನ್ ಬ್ಲಾಟ್‌ಗಳ ಕತ್ತರಿಸದ ಪೂರ್ಣ ಚಿತ್ರಗಳಿದ್ದವು. ಗಾತ್ರಕ್ಕೆ ಅಳತೆಗೋಲಾಗುವ ಮಾರ್ಕರ್ ಲೇನ್ ಇತ್ತು, ಎಲ್ಲ ಮಾದರಿಗಳನ್ನೂ ಸಮವಾಗಿ ಹಾಕಿದ್ದಾರೆಂದು ತೋರಿಸುವ ಲೋಡಿಂಗ್ ಕಂಟ್ರೋಲ್ ಇತ್ತು, ಪ್ರತಿಕಾಯವೊಂದು ಬೇಡದ ಪ್ರೋಟೀನಿಗೂ ಅಂಟಿಕೊಂಡು ಮೂಡಿಸಿದ ಎರಡನೇ ಗೆರೆಯನ್ನು ಮರೆಮಾಡದೆ ತೋರಿಸಿ, ಅದು ಯಾಕೆ ಬಂದಿರಬಹುದು ಎಂದು ಕೆಳಗೆ ಎರಡು ಸಾಲು ಬರೆದಿತ್ತು. ಪ್ರಯೋಗಾಲಯದ ಬೆಂಚಿನ ಮುಂದೆ ನಿಂತು ಕೆಲಸ ಮಾಡಿದ ಯಾರಿಗೇ ಆಗಲಿ ಆ ಎರಡು ಸಾಲು ಅಭ್ಯರ್ಥಿಯ ಬಗ್ಗೆ ಹೇಳುವಷ್ಟನ್ನು ಎಚ್-ಇಂಡೆಕ್ಸ್ ಹೇಳಲಾರದು. ಹಾಳೆಯಲ್ಲಿ ಅದಕ್ಕೆ ಕಲಂ ಇರಲಿಲ್ಲ.

ಸೈಟೇಶನ್ ಎಂದರೆ ಏನು, ಅದು ಹೇಗೆ ಬೆಳೆಯುತ್ತದೆ ಎಂಬುದನ್ನು ನಮ್ಮ ವಿಷಯದ ಚರಿತ್ರೆಯಿಂದಲೇ ನೋಡೋಣ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳನ್ನು ನೇಚರ್ ಪತ್ರಿಕೆ 2014ರಲ್ಲಿ ಪಟ್ಟಿ ಮಾಡಿಸಿತು. ಮೊದಲ ಸ್ಥಾನದಲ್ಲಿದ್ದುದು ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದ ಪ್ರಬಂಧ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ ಅದು. ಆಗಲೇ ಅದಕ್ಕೆ 3,05,000ಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ಅದು ದೊಡ್ಡ ಪ್ರಬಂಧವೇನಲ್ಲ ಎಂದು ಲೌರಿಯವರೇ 1977ರಲ್ಲಿ ಬರೆದುಕೊಂಡಿದ್ದರು. ಎರಡನೆಯದು ಉಲ್ರಿಚ್ ಲೆಮ್ಲಿ ಒಬ್ಬರೇ ಬರೆದು 1970ರಲ್ಲಿ ನೇಚರ್‌ನಲ್ಲಿ ಪ್ರಕಟಿಸಿದ್ದು, ಮೂರನೆಯದು ಮೇರಿಯನ್ ಬ್ರಾಡ್‌ಫರ್ಡ್ 1976ರಲ್ಲಿ ಕೊಟ್ಟ ಇನ್ನೊಂದು ಪ್ರೋಟೀನ್ ಅಳತೆಯ ವಿಧಾನ. ಡಿಎನ್‌ಎ ಜೋಡಿಸುರುಳಿಯನ್ನು ಜಗತ್ತಿಗೆ ತೋರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧ ಆ ನೂರರಲ್ಲಿ ಎಲ್ಲೂ ಇಲ್ಲ. ಪಟ್ಟಿಗೆ ಸೇರಲು 12,119 ಉಲ್ಲೇಖಗಳು ಬೇಕಿದ್ದವು, ಅದಕ್ಕೆ ಅಷ್ಟು ಇರಲಿಲ್ಲ.

ಲೆಮ್ಲಿಯವರ ಪ್ರಬಂಧದ ಮುಂದೆ ಸ್ವಲ್ಪ ನಿಲ್ಲುವುದು ಒಳ್ಳೆಯದು. ನಮ್ಮ ಎಂಎಸ್ಸಿ ವಿದ್ಯಾರ್ಥಿಗಳು, ವಿದ್ಯುತ್ ಹರಿಸಿದಾಗ ಪ್ರೋಟೀನುಗಳು ಗಾತ್ರಕ್ಕೆ ತಕ್ಕಂತೆ ಸರಿಯುವ ಲೋಳೆಯಂಥ ಪದರದಲ್ಲಿ (ಜೆಲ್), ಮೇಲಿನ ಜೆಲ್‌ಗೆ ಪಿಎಚ್ 6.8, ಕೆಳಗಿನದಕ್ಕೆ 8.8 ಎಂದು ಬಾಯಿಪಾಠ ಮಾಡಿಕೊಂಡು ಪ್ರೋಟೀನುಗಳನ್ನು ಬೇರ್ಪಡಿಸುವ ವಿಧಾನ ಅಲ್ಲಿಂದ ಬಂದದ್ದು. ಆದರೆ ಆ ಪ್ರಬಂಧದ ವಿಷಯ ಜೆಲ್ ಅಲ್ಲವೇ ಅಲ್ಲ. ಟಿ4 ಎಂಬ ಬ್ಯಾಕ್ಟೀರಿಯಾಭಕ್ಷಕ ವೈರಸ್ಸಿನ ತಲೆಭಾಗ ಕಟ್ಟಿಕೊಳ್ಳುವಾಗ ಅದರ ಪ್ರೋಟೀನುಗಳು ತುಂಡಾಗುತ್ತವೆ ಎಂಬುದು ಅವರು ಕೇಂಬ್ರಿಡ್ಜ್‌ನಲ್ಲಿ ಕಂಡುಕೊಂಡ ಸಂಗತಿ. ಜೆಲ್ ಆ ಸಂಗತಿಯನ್ನು ಕಾಣುವುದಕ್ಕೆ ಅವರು ಸುಧಾರಿಸಿಕೊಂಡ ಸಾಧನ. ಎರಡು ಲಕ್ಷಕ್ಕೂ ಮೀರಿದ ಉಲ್ಲೇಖಗಳಲ್ಲಿ ಬಹುಪಾಲು ಆ ಸಾಧನಕ್ಕೆ ಸಂದಿವೆ. ವೈರಸ್ಸಿನ ತಲೆಯ ಕುರಿತ ಆ ಸೊಗಸಾದ ವಾದವನ್ನು ಓದದೆಯೇ ಉಲ್ಲೇಖಿಸಿದವರು ಅಸಂಖ್ಯ. ಹಾಗೆಂದು ಆ ಉಲ್ಲೇಖಗಳು ಸುಳ್ಳೆಂದಾಗಲಿ, ವಿಧಾನಗಳನ್ನು ರೂಪಿಸುವುದು ಕಡಿಮೆ ಕೆಲಸವೆಂದಾಗಲಿ ನಾನು ಹೇಳುತ್ತಿಲ್ಲ. ವಿಧಾನಗಳಿಲ್ಲದೆ ನಮ್ಮ ಶಾಸ್ತ್ರವೇ ಇಲ್ಲ. ಆದರೆ ಎಷ್ಟು ಜನ ಬಳಸಿದರು ಎಂಬ ಪ್ರಶ್ನೆ ಒಂದು, ಎಷ್ಟು ಹೊಸದನ್ನು ಅರಿತರು ಎಂಬ ಪ್ರಶ್ನೆ ಇನ್ನೊಂದು. ಒಂದೇ ಅಂಕಿಯನ್ನು ಎರಡೂ ಪ್ರಶ್ನೆಗಳಿಗೆ ಉತ್ತರವಾಗಿ ಹಿಡಿಯುವುದು ತಪ್ಪು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ನಮ್ಮ ಮನೆಯಂಗಳದಲ್ಲೇ ಇದೆ. ಜಿ.ಎನ್. ರಾಮಚಂದ್ರನ್ ಅವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ, 1963ರಲ್ಲಿ ಐದು ಪುಟಗಳ ಒಂದು ಪ್ರಬಂಧ ಬರೆದರು. ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿಯಲ್ಲೂ ಎರಡು ಕೋನಗಳಿವೆ. ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯದಂತೆ ಆ ಕೋನಗಳು ಯಾವ ಯಾವ ಬೆಲೆಗಳನ್ನು ತಾಳಬಹುದು ಎಂದು ಲೆಕ್ಕ ಹಾಕಿ ಅವರು ಬರೆದ ನಕ್ಷೆಯೇ ರಾಮಚಂದ್ರನ್ ಪ್ಲಾಟ್. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕವನ್ನು ಕಟ್ಟಿದರು. ಇವತ್ತು, ಪ್ರೋಟೀನ್ ರಚನೆಗಳ ಅಂತರರಾಷ್ಟ್ರೀಯ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿಗೆ ಯಾವ ದೇಶದಿಂದ ಯಾರೇ ಹೊಸ ಪ್ರೋಟೀನ್ ರಚನೆಯನ್ನು ಸಲ್ಲಿಸಿದರೂ, ಅದರ ತಪಾಸಣಾ ವರದಿಯ ಆರಂಭದಲ್ಲೇ ರಾಮಚಂದ್ರನ್ ನಕ್ಷೆಯ ಮಿತಿಯಿಂದ ಹೊರಗೆ ಬಿದ್ದ ಕೊಂಡಿಗಳು ಶೇಕಡಾ ಎಷ್ಟು ಎಂದು ನಮೂದಾಗುತ್ತದೆ. ಆ ಬ್ಯಾಂಕಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಆ ನಕ್ಷೆಯನ್ನು ಬಳಸುವ ಎಷ್ಟೋ ಜನ ಮೂಲ ಪ್ರಬಂಧವನ್ನು ಉಲ್ಲೇಖಿಸುವುದೇ ಇಲ್ಲ, ಯಾಕೆಂದರೆ ಅದು ಪಠ್ಯಪುಸ್ತಕದ ಮಾತಾಗಿಹೋಗಿದೆ, ಎಲ್ಲರ ಸ್ವತ್ತಾಗಿದೆ. ಜ್ಞಾನವು ಅಷ್ಟು ಆಳಕ್ಕೆ ಇಳಿದ ಮೇಲೆ ಅದರ ಲೆಕ್ಕ ಉಲ್ಲೇಖಗಳನ್ನು ಎಣಿಸುವ ಗೂಗಲ್ ಸ್ಕಾಲರ್‌ಗೆ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಇಂಥ ಪರಂಪರೆಯನ್ನು ಇಟ್ಟುಕೊಂಡ ರಾಜ್ಯದಲ್ಲಿ, ಬರೀ ಎಣಿಕೆಯಿಂದ ಸಂಶೋಧಕರನ್ನು ತೂಗುವುದು ನನಗೆ ನೋವು ತರುತ್ತದೆ.

ಕಾಲದ ಮಾತೂ ಇದೆ. ಬ್ರಿಟನ್ನಿನ ಜೀವರಸಾಯನ ವಿಜ್ಞಾನಿ ಫ್ರೆಡ್ರಿಕ್ ಸ್ಯಾಂಗರ್ ಅವರಿಗೆ 1958ರಲ್ಲೂ 1980ರಲ್ಲೂ ರಸಾಯನಶಾಸ್ತ್ರದ ನೊಬೆಲ್ ಬಂತು. ಮೊದಲನೆಯದು ಪ್ರೋಟೀನುಗಳ, ಮುಖ್ಯವಾಗಿ ಇನ್ಸುಲಿನ್‌ನ ರಚನೆಗೆ, ಎರಡನೆಯದು ಡಿಎನ್‌ಎ ಅಕ್ಷರಗಳನ್ನು ಓದುವ ವಿಧಾನಕ್ಕೆ. ಅವರು ತೀರಿಕೊಂಡ ಮೇಲೆ ಜೀವವಿಜ್ಞಾನಿ ಸಿಡ್ನಿ ಬ್ರೆನ್ನರ್ ಅವರು 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಸ್ಮರಣಲೇಖನದಲ್ಲಿ, ಸ್ಯಾಂಗರ್ ಇಂದಿನ ವಿಜ್ಞಾನ ಜಗತ್ತಿನಲ್ಲಿ ಉಳಿಯುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಹೇಳಿದ್ದಾರೆ: 1952ರ ಇನ್ಸುಲಿನ್ ಕೆಲಸಕ್ಕೂ 1967ರ ಆರ್‌ಎನ್‌ಎ ಕೆಲಸಕ್ಕೂ ನಡುವೆ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ ಎಂದು ಯಾವುದಾದರೂ ಒಂದು ಸಮಿತಿ ಷರಾ ಬರೆದಿರುತ್ತಿತ್ತು. ಜೀವರಸಾಯನ ವಿಜ್ಞಾನಿ ಕಟಲಿನ್ ಕರಿಕೋ ಅವರ ವಿಷಯದಲ್ಲಿ ಇದು ನಿಜವಾಗಿಯೇ ನಡೆಯಿತು. ಪ್ರೋಟೀನ್ ತಯಾರಿಕೆಯ ಸೂಚನೆಯನ್ನು ಒಯ್ಯುವ ಮೆಸೆಂಜರ್ ಆರ್‌ಎನ್‌ಎ ಮೇಲಿನ ಅವರ ಕೆಲಸಕ್ಕೆ ಧನಸಹಾಯ ಸಿಗಲಿಲ್ಲವೆಂದು 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರಿಗೆ ಹಿಂಬಡ್ತಿ ಕೊಟ್ಟಿತು. ಡ್ರೂ ವೈಸ್‌ಮನ್ ಅವರೊಂದಿಗೆ 2005ರಲ್ಲಿ ಇಮ್ಯುನಿಟಿ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅದರ ಘಟಕಗಳಲ್ಲೊಂದಾದ ಯುರಿಡಿನ್ ಜಾಗದಲ್ಲಿ ಸ್ಯೂಡೋಯುರಿಡಿನ್‌ನಂಥ ಮಾರ್ಪಡಿಸಿದ ಘಟಕವನ್ನು ಇಟ್ಟರೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಆ ಆರ್‌ಎನ್‌ಎ ಮೇಲೆ ಎರಗುವುದಿಲ್ಲ ಎಂದು ಅವರು ತೋರಿಸಿದರು. ಕೋವಿಡ್ ಲಸಿಕೆಗಳು ನಿಂತದ್ದು ಆ ಅರಿವಿನ ಮೇಲೆ, 2023ರ ನೊಬೆಲ್ ಬಂದದ್ದೂ ಅದಕ್ಕೇ. 2020ರ ಮೊದಲು ಅದೇ ಪ್ರಬಂಧಕ್ಕಿದ್ದ ಉಲ್ಲೇಖಗಳಿಗೂ ಆಮೇಲೆ ಬಂದವುಗಳಿಗೂ ಅಜಗಜಾಂತರ. ಪ್ರಬಂಧದಲ್ಲಿ ಮಾತ್ರ ಒಂದಕ್ಷರವೂ ಬದಲಾಗಿರಲಿಲ್ಲ. ಅದರ ಬೆಲೆ 2005ರಲ್ಲೇ ಪುಟಗಳ ಮೇಲೆ ಇತ್ತು, ಅದನ್ನು ಓದಿದವರಿಗೆ ಕಾಣುವಂತೆಯೇ ಇತ್ತು.

ನೊಬೆಲ್ ಪಡೆದವರ ಕಥೆ ಹೇಳಿ ನಮ್ಮ ಅಭ್ಯರ್ಥಿಗಳನ್ನು ಅವರಿಗೆ ಸರಿಗಟ್ಟುತ್ತಿಲ್ಲ. ನಮ್ಮ ನೆಲದ ಪ್ರಶ್ನೆ ಇನ್ನೂ ಸ್ಪಷ್ಟವಾಗಿದೆ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ, ಉಣ್ಣೆಹುಳುವಿನ ಕಡಿತದಿಂದ ಹರಡುವ ಆ ವೈರಸ್ಸು ಮಲೆನಾಡಿನ ಜನರನ್ನು ಇಂದಿಗೂ ಬೇಸಿಗೆಯ ಹೊತ್ತಿಗೆ ಕಾಡುತ್ತಿದೆ. ದಶಕಗಳ ಕಾಲ ಕೊಟ್ಟ ಲಸಿಕೆಯ ಪರಿಣಾಮ ಸಾಲದೆಂದು ಕೈಬಿಟ್ಟಿದ್ದಾಗಿದೆ, ಹೊಸದರ ಪ್ರಯತ್ನ ನಡೆದಿದೆ. ಈ ವೈರಸ್ಸೂ ಡೆಂಗಿ ವೈರಸ್ಸೂ ಒಂದೇ ಕುಲದವು. ಎರಡರ ಮೇಲೂ ಕೆಲಸ ಮಾಡುವವರು ಬಳಸುವ ಪಿಸಿಆರ್, ಕ್ಲೋನಿಂಗ್, ಕೋಶ ಕೃಷಿಯಂಥ ತಂತ್ರಗಳೆಲ್ಲವೂ ಒಂದೇ. ಆದರೆ ಡೆಂಗಿ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ, ಅದರ ಮೇಲೆ ದುಡಿಯುವ ಪ್ರಯೋಗಾಲಯಗಳು ಜಗತ್ತಿನ ತುಂಬ ಇವೆ, ಹಾಗಾಗಿ ಅದರ ಬಗ್ಗೆ ಬರೆದ ಸಾಧಾರಣ ಪ್ರಬಂಧಕ್ಕೂ ಉಲ್ಲೇಖಿಸುವವರು ಸಿಗುತ್ತಾರೆ. ಮಂಗನ ಕಾಯಿಲೆಯ ವೈರಸ್ಸನ್ನು ಕಟ್ಟುನಿಟ್ಟಿನ ಜೈವಿಕ ಸುರಕ್ಷತೆಯ ಪ್ರಯೋಗಾಲಯದಲ್ಲಿ ಮಾತ್ರ ಮುಟ್ಟಬಹುದು, ಅದರ ಮೇಲೆ ಕೆಲಸ ಮಾಡುವ ಗುಂಪುಗಳು ಬೆರಳೆಣಿಕೆಯಷ್ಟು, ಅವರಲ್ಲಿ ಎಲ್ಲರೂ ಎಲ್ಲರನ್ನೂ ಉಲ್ಲೇಖಿಸಿದರೂ ಅಂಕಿ ಎಲ್ಲಿಗೆ ಏರೀತು? ತೀರ್ಥಹಳ್ಳಿಯ ಅಡಿಕೆ ತೋಟದ ಕೂಲಿಯವರ ಜೀವಕ್ಕೆ ಸಂಬಂಧಿಸಿದ ಸಂಶೋಧನೆ ಮಾಡಿದವರು ಎಕ್ಸೆಲ್ ಹಾಳೆಯಲ್ಲಿ ಕೆಳಗೆ ಹೋಗುತ್ತಾರೆ. ರಾಗಿಯ ಮಾತೂ ಹಾಗೆಯೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡವು ಎಂಎಲ್-365 ಎಂಬ ರಾಗಿ ತಳಿಯ ಜೀನೋಮನ್ನು (ಅದರ ಪೂರ್ಣ ಡಿಎನ್‌ಎ ಅನುಕ್ರಮವನ್ನು) 2017ರಲ್ಲಿ ಪ್ರಕಟಿಸಿತು. ಭತ್ತ, ಗೋಧಿಗಳ ಮೇಲೆ ದುಡಿಯುವ ಜಗತ್ತಿನ ದೊಡ್ಡ ಸಂಖ್ಯೆಯ ಎದುರು ರಾಗಿಯ ಜೀನುಗಳನ್ನು ಅರಸುವವರು ಎಷ್ಟು ಮಂದಿ? ಬೇರೆ ಬೇರೆ ಬೆಳೆ, ಬೇರೆ ಬೇರೆ ರೋಗಗಳ ಮೇಲೆ ದುಡಿದವರ ಸೈಟೇಶನ್‌ಗಳನ್ನು ಒಂದೇ ಕಲಂನಲ್ಲಿ ಇಟ್ಟು ಇಳಿಕೆಯ ಕ್ರಮದಲ್ಲಿ ಜೋಡಿಸಿದರೆ, ನಮ್ಮ ತೆರಿಗೆಯ ಹಣದಿಂದ ನಡೆಯುವ ವಿಶ್ವವಿದ್ಯಾಲಯಗಳೇ ನಮ್ಮ ಊರಿನ ಪ್ರಶ್ನೆಗಳನ್ನು ಕೈಬಿಡಿರಿ ಎಂದು ಯುವಕರಿಗೆ ಹೇಳಿದಂತೆ ಆಗುತ್ತದೆ.

ಉಲ್ಲೇಖವೆಂದರೆ ಒಪ್ಪಿಗೆ ಎಂದೂ ಅಲ್ಲ. ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಒಂದು ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯಲ್ಲಿ ರಂಜಕದ ಬದಲು ಆರ್ಸೆನಿಕ್ ಬಳಸುತ್ತದೆ ಎಂದು ಸೈನ್ಸ್ ಪತ್ರಿಕೆಯಲ್ಲಿ 2010ರಲ್ಲಿ ಬಂದ ಪ್ರಬಂಧವನ್ನು ನೆನೆಯಿರಿ. ಅದನ್ನು ಅಲ್ಲಗಳೆದ ಪ್ರಯೋಗಗಳು 2012ರಲ್ಲಿ ಅದೇ ಪತ್ರಿಕೆಯಲ್ಲಿ ಬಂದವು, ಲೇಖಕರ ಅಸಮ್ಮತಿಯ ನಡುವೆಯೇ 2025ರಲ್ಲಿ ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಅದನ್ನು ಖಂಡಿಸುವುದಕ್ಕೆಂದೇ ಉಲ್ಲೇಖಿಸಿದ ಪ್ರತಿಯೊಂದು ಲೇಖನವೂ ಎಣಿಕೆಯಲ್ಲಿ ಒಂದೊಂದಾಗಿ ಕೂಡಿಕೊಂಡಿದೆ. ಕಳೆಯುವ ಚಿಹ್ನೆ ಯಾವ ಸೂಚ್ಯಂಕದಲ್ಲೂ ಇಲ್ಲ.

ಇಂಪ್ಯಾಕ್ಟ್ ಫ್ಯಾಕ್ಟರ್ ಕುರಿತು ಹೇಳಬೇಕಾದದ್ದು ಇನ್ನೂ ಗಂಭೀರವಾದದ್ದು, ಯಾಕೆಂದರೆ ಅದು ಅಭ್ಯರ್ಥಿಯ ಅಂಕಿಯೇ ಅಲ್ಲ. ಒಂದು ಜರ್ನಲ್ ಹಿಂದಿನ ಎರಡು ವರ್ಷ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಎಂಬುದಷ್ಟೇ ಅದರ ಅರ್ಥ. ಸರಾಸರಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎಂಬ ಜರ್ನಲ್ಲಿನ ಎ ವಿಭಾಗವನ್ನು ನೋಡಬೇಕು. ಸ್ಫಟಿಕ ರಚನೆಗಳನ್ನು ಬಿಡಿಸುವ ಶೆಲ್ಎಕ್ಸ್ ತಂತ್ರಾಂಶದ ಬಗ್ಗೆ ಜಾರ್ಜ್ ಶೆಲ್ಡ್ರಿಕ್ ಅವರು 2008ರಲ್ಲಿ ಅಲ್ಲಿ ಒಂದು ಲೇಖನ ಬರೆದರು, ತಂತ್ರಾಂಶ ಬಳಸಿದವರೆಲ್ಲ ಅದನ್ನು ಉಲ್ಲೇಖಿಸಿದರು. ಪರಿಣಾಮವಾಗಿ 2ರ ಆಸುಪಾಸಿನಲ್ಲಿದ್ದ ಆ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ 2009ರಲ್ಲಿ 49.9ಕ್ಕೆ ಜಿಗಿದು ನೇಚರ್ ಪತ್ರಿಕೆಯನ್ನೇ ಮೀರಿಸಿತು, ಎರಡು ವರ್ಷದ ಕಿಟಕಿ ಮುಚ್ಚಿದ ಕೂಡಲೇ ಮತ್ತೆ 2ಕ್ಕೆ ಇಳಿಯಿತು. ಆ ಅವಧಿಯಲ್ಲಿ ಅದೇ ಜರ್ನಲ್ಲಿನಲ್ಲಿ ಬರೆದ ಉಳಿದವರು ಯಾರೂ ಇಪ್ಪತ್ತು ಪಟ್ಟು ಮೇಲಾದ ವಿಜ್ಞಾನಿಗಳಾಗಿರಲಿಲ್ಲ.

ಆದರೂ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಜುಲೈನಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಈ ಅಂಕಿಗೇ ಅಂಕಗಳನ್ನು ಕಟ್ಟಿಹಾಕಲಾಗಿದೆ: ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಜರ್ನಲ್‌ಗೆ 5, ಒಂದಕ್ಕಿಂತ ಕಡಿಮೆ ಇದ್ದರೆ 10, ಒಂದರಿಂದ ಎರಡಕ್ಕೆ 15, ಎರಡರಿಂದ ಐದಕ್ಕೆ 20, ಐದರಿಂದ ಹತ್ತಕ್ಕೆ 25, ಹತ್ತಕ್ಕಿಂತ ಮೇಲಾದರೆ 30. ಥಾಮ್ಸನ್ ರಾಯಿಟರ್ಸ್ ಕಂಪನಿಯ ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯನ್ನು ಅನುಸರಿಸಬೇಕೆಂದು ಅದರಲ್ಲಿ ಬರೆದಿದೆ. ಆ ಕಂಪನಿ ಪಟ್ಟಿಯ ವ್ಯವಹಾರವನ್ನು 2016ರಲ್ಲೇ ಮಾರಿಬಿಟ್ಟಿತ್ತು. ಈ ಕೋಷ್ಟಕ ನಮ್ಮದೇ ಪತ್ರಿಕೆಗಳಿಗೆ ಮಾಡಿದ ಹಾನಿಯನ್ನು ಯಾರೂ ಲೆಕ್ಕ ಹಾಕಿದಂತಿಲ್ಲ. ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್ 1910ರಲ್ಲಿ ಶುರುಮಾಡಿದ ಜರ್ನಲ್ ಆಫ್ ಜೆನೆಟಿಕ್ಸ್ ಪತ್ರಿಕೆಯನ್ನು ಜೆ.ಬಿ.ಎಸ್. ಹಾಲ್ಡೇನ್ ಅವರು 1957ರಲ್ಲಿ ತಮ್ಮೊಂದಿಗೆ ಭಾರತಕ್ಕೆ ತಂದರು, 1985ರಿಂದ ಅದನ್ನು ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಹೊರತರುತ್ತಿದೆ. ಅಲ್ಲಿ ಹಿರಿಯ ತಳಿವಿಜ್ಞಾನಿಗಳು ಹಸ್ತಪ್ರತಿಯನ್ನು ಸಾಲು ಸಾಲಾಗಿ ತಿದ್ದಿ ಕಳುಹಿಸಿದ್ದನ್ನು ಕಂಡಿದ್ದೇನೆ. ಇಂದು ನನ್ನ ವಿದ್ಯಾರ್ಥಿ ಅಲ್ಲಿಗೆ ಕಳುಹಿಸಲು ಹಿಂಜರಿಯುತ್ತಾಳೆ, ಯಾಕೆಂದರೆ ಅಂಕ ಕಡಿಮೆ. ಲಕ್ಷಗಟ್ಟಲೆ ಪ್ರಕಟಣಾ ಶುಲ್ಕ ಕೇಳುವ ವಿದೇಶಿ ಜರ್ನಲ್ಲಿಗೆ ಸಾಲ ಮಾಡಿಯಾದರೂ ಕಳುಹಿಸಬೇಕು ಎಂದುಕೊಳ್ಳುತ್ತಾಳೆ. ಅವಳನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ, ನಿಯಮ ಅವಳಿಗೆ ಅದನ್ನೇ ಕಲಿಸಿದೆ.

ಯುಜಿಸಿ ನಿಯಮವನ್ನು ರಾಜ್ಯದ ವಿಶ್ವವಿದ್ಯಾಲಯಗಳು ಬದಲಿಸಲಾರವು ಎಂಬುದು ನನಗೆ ಗೊತ್ತು. ಆದರೆ ಆ ಅಂಕಗಳು ಅರ್ಹತೆಯ ಹೊಸ್ತಿಲು ಮಾತ್ರ. ಸಹ ಪ್ರಾಧ್ಯಾಪಕರಿಗೆ 75, ಪ್ರಾಧ್ಯಾಪಕರಿಗೆ 120 ಎಂಬ ಆ ಹೊಸ್ತಿಲನ್ನು ದಾಟಿ ಬಂದವರಲ್ಲಿ ಯಾರನ್ನು ಆರಿಸಬೇಕು, ಸಂದರ್ಶನದಲ್ಲಿ ಏನನ್ನು ಕೇಳಬೇಕು, ಅದಕ್ಕೂ ಮೊದಲು ಏನನ್ನು ಓದಿಕೊಂಡು ಬರಬೇಕು ಎಂಬುದು ಸಂಪೂರ್ಣವಾಗಿ ತಮ್ಮ ಕೈಯಲ್ಲಿದೆ. ನಾನು ಕೇಳುತ್ತಿರುವುದು ಆ ಜಾಗದಲ್ಲಿ.

ಅಂಕಿಗಳನ್ನು ಬಿಟ್ಟರೆ ವಶೀಲಿಗೆ ಬಾಗಿಲು ತೆರೆದಂತಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜಾತಿ, ಹಣ, ರಾಜಕೀಯದ ಒತ್ತಡಗಳ ನಡುವೆ, ಅಂಕಿ ಇದ್ದರೆ ನ್ಯಾಯಾಲಯದಲ್ಲಿ ನಿಲ್ಲುತ್ತದೆ, ಅಭಿಪ್ರಾಯ ನಿಲ್ಲುವುದಿಲ್ಲ ಎಂದು ಪ್ರಾಮಾಣಿಕರಾದ ಕುಲಸಚಿವರೊಬ್ಬರು ನನಗೆ ಹೇಳಿದ್ದುಂಟು. ಅವರ ಕಳವಳ ನಿಜವಾದದ್ದು. ಆದರೆ ಅಂಕಿಯೂ ಈಗ ಕೊಳ್ಳಲು ಸಿಗುವ ಸರಕಾಗಿದೆ. ಹಣ ಕೊಟ್ಟರೆ ಪ್ರಬಂಧವನ್ನೇ ಬರೆದುಕೊಡುವ, ಲೇಖಕರ ಸಾಲಿನಲ್ಲಿ ಜಾಗ ಮಾರುವ ಪೇಪರ್ ಮಿಲ್‌ಗಳು ಹುಟ್ಟಿಕೊಂಡಿವೆ. 2023ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಪ್ರಬಂಧಗಳು ಹಿಂತೆಗೆತಕ್ಕೆ ಒಳಗಾದವು, ಅವುಗಳಲ್ಲಿ ಹೆಚ್ಚಿನವು ಹಿಂದಾವಿ ಎಂಬ ಒಂದೇ ಪ್ರಕಾಶನದ ಜರ್ನಲ್‌ಗಳಲ್ಲಿ ಬಂದಿದ್ದವು. ಹಿಂತೆಗೆತಕ್ಕೆ ಮೊದಲು ಅವೂ ಯಾವುದೋ ಸಮಿತಿಯ ಹಾಳೆಯಲ್ಲಿ ಒಂದೊಂದು ಅಂಕಿಯಾಗಿದ್ದವು. ಓದಿದ ಸದಸ್ಯರು ಪ್ರತಿ ಪ್ರಬಂಧದ ಬಗ್ಗೆ ಅರ್ಧ ಪುಟ ಬರೆದು ಸಹಿ ಹಾಕಿ ಕಡತಕ್ಕೆ ಸೇರಿಸಿದರೆ, ಆ ಬರಹ ಕೇವಲ ಅಭಿಪ್ರಾಯವಾಗಿ ಉಳಿಯುವುದಿಲ್ಲ. ಕಾರಣ ಸಹಿತವಾದ ದಾಖಲೆಯಾಗುತ್ತದೆ, ಮಾಹಿತಿ ಹಕ್ಕಿನಲ್ಲಿ ಕೇಳಬಹುದಾದದ್ದು, ಇನ್ನೊಬ್ಬ ತಜ್ಞರು ಒಪ್ಪಬಹುದಾದ ಅಥವಾ ಅಲ್ಲಗಳೆಯಬಹುದಾದದ್ದು ಆಗುತ್ತದೆ. ಸಹಿ ಹಾಕಿದವರು ಅದಕ್ಕೆ ಹೊಣೆಗಾರರಾಗುತ್ತಾರೆ. ಎಕ್ಸೆಲ್ ಹಾಳೆಗೆ ಹೊಣೆಗಾರರು ಯಾರೂ ಇಲ್ಲ.

ಓದುವುದರಿಂದ ಏನು ಸಿಗುತ್ತದೆ ಎಂದು ಬೇರೆ ಶಾಸ್ತ್ರದ ಸದಸ್ಯರು ಕೇಳಬಹುದು. ನಮ್ಮ ಶಾಸ್ತ್ರದಲ್ಲಿ ಸಾಕ್ಷ್ಯ ಬಹುಮಟ್ಟಿಗೆ ಚಿತ್ರಗಳಲ್ಲಿರುತ್ತದೆ. ಸೂಕ್ಷ್ಮಜೀವಿ ವಿಜ್ಞಾನಿ ಎಲಿಸಬೆತ್ ಬಿಕ್ ಅವರು ಸಂಗಡಿಗರೊಂದಿಗೆ 40 ಜರ್ನಲ್‌ಗಳಲ್ಲಿ 1995ರಿಂದ 2014ರವರೆಗೆ ಬಂದ 20,621 ಪ್ರಬಂಧಗಳ ಚಿತ್ರಗಳನ್ನು ಕಣ್ಣಿನಿಂದಲೇ ಪರೀಕ್ಷಿಸಿ, ಶೇಕಡಾ 3.8ರಷ್ಟರಲ್ಲಿ ಒಂದೇ ಬ್ಲಾಟನ್ನು ಎರಡು ಕಡೆ ಬಳಸಿದಂಥ, ತಿರುಗಿಸಿ ಅಂಟಿಸಿದಂಥ ದೋಷಗಳನ್ನು ಕಂಡು 2016ರಲ್ಲಿ ಪ್ರಕಟಿಸಿದರು. ಅವರಲ್ಲಿದ್ದ ಮುಖ್ಯ ಸಾಧನ ತಾಳ್ಮೆ. ಲೇಖಕರ ಸಾಲನ್ನು ಓದುವುದಕ್ಕೂ ಇದೇ ತಾಳ್ಮೆ ಬೇಕು. ನಮ್ಮಲ್ಲಿ ಮೊದಲ ಹೆಸರು ಬೆಂಚಿನಲ್ಲಿ ಕೆಲಸ ಮಾಡಿದವರದು, ಕೊನೆಯ ಹೆಸರು ಪ್ರಯೋಗಾಲಯವನ್ನು ನಡೆಸಿ ಪ್ರಶ್ನೆಯನ್ನು ರೂಪಿಸಿದವರದು, ನಡುವಿನವರು ಒಂದು ಪ್ಲಾಸ್ಮಿಡ್ (ಜೀನ್ ಸಾಗಿಸಲು ಬಳಸುವ ಡಿಎನ್‌ಎ ಬಳೆ) ಕೊಟ್ಟವರೂ ಆಗಿರಬಹುದು, ಇಡೀ ದತ್ತಾಂಶವನ್ನು ವಿಶ್ಲೇಷಿಸಿದವರೂ ಆಗಿರಬಹುದು. ಸೈಟೇಶನ್ ಎಣಿಕೆ ಎಲ್ಲರಿಗೂ ಪೂರ್ತಿ ಮೊತ್ತವನ್ನೇ ಕೊಡುತ್ತದೆ. ಯಾರು ಏನು ಮಾಡಿದರೆಂದು ಈಗ ಅನೇಕ ಜರ್ನಲ್‌ಗಳು ಕೊನೆಯ ಪುಟದಲ್ಲಿ ಅಚ್ಚು ಹಾಕುತ್ತವೆ, ತಿರುವಿ ನೋಡಿದರೆ ಸಾಕು. ಪ್ರಬಂಧದ ಹೊರಗೂ ನೋಡಬೇಕಾದದ್ದಿದೆ: ಸಾರ್ವಜನಿಕ ದತ್ತಾಂಶ ಬ್ಯಾಂಕಿಗೆ ಸಲ್ಲಿಸಿದ ಜೀನ್ ಅನುಕ್ರಮಗಳು, ಕೇಳಿದವರಿಗೆಲ್ಲ ಕಳುಹಿಸಿಕೊಟ್ಟ ತಳಿಗಳು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿರುವ ಡ್ರಾಸಾಫಿಲಾ ಸ್ಟಾಕ್ ಸೆಂಟರ್‌ನಲ್ಲಿ ಹಣ್ಣುನೊಣಗಳ ತಳಿಗಳನ್ನು ಬಾಟಲಿಯಿಂದ ಬಾಟಲಿಗೆ ವರ್ಗಾಯಿಸುತ್ತ ಜೀವಂತವಾಗಿ ಇಟ್ಟುಕೊಂಡು ಬಂದವರ ಶ್ರಮದಿಂದ ಎಷ್ಟೋ ಕಾಲೇಜುಗಳ ತಳಿವಿಜ್ಞಾನದ ಪ್ರಾಯೋಗಿಕ ತರಗತಿಗಳು ನಡೆದಿವೆ. ಅದಕ್ಕೆ ಸೈಟೇಶನ್ ಇಲ್ಲ.

ಪ್ರಕಟಣೆಗಳ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ ಎನ್ನುವಷ್ಟು ದೂರ ನಾನು ಹೋಗುವುದಿಲ್ಲ. ವರ್ಷಗಟ್ಟಲೆ ಏನನ್ನೂ ಬರೆಯದೆ, ಕೇಳಿದರೆ ಸ್ಯಾಂಗರ್ ಹೆಸರು ಹೇಳುವವರಿಗೆ ಈ ಪತ್ರ ಆಸರೆಯಾಗಬಾರದು. ಒಬ್ಬರು ಒಂದು ಪ್ರಶ್ನೆಯನ್ನು ಹಿಡಿದು ಮುಂದುವರಿದಿದ್ದಾರೆಯೇ, ತಮ್ಮ ವಿದ್ಯಾರ್ಥಿಗಳನ್ನು ಮೊದಲ ಲೇಖಕರನ್ನಾಗಿ ಬೆಳೆಸಿದ್ದಾರೆಯೇ, ಬೇರೆ ಗುಂಪಿನವರು ಅವರ ಫಲಿತಾಂಶದ ಮೇಲೆ ಏನನ್ನಾದರೂ ಕಟ್ಟಿದ್ದಾರೆಯೇ ಎಂಬುದೆಲ್ಲ ಪಟ್ಟಿಯಿಂದಲೇ ಗೊತ್ತಾಗುತ್ತದೆ. ಉಲ್ಲೇಖಗಳನ್ನೂ ನೋಡಿ, ಆದರೆ ಯಾರು, ಯಾವ ವಾಕ್ಯದಲ್ಲಿ, ಯಾಕೆ ಉಲ್ಲೇಖಿಸಿದರು ಎಂದು ಎರಡು ಮೂರನ್ನಾದರೂ ತೆರೆದು ನೋಡಿ. ಎಚ್-ಇಂಡೆಕ್ಸನ್ನು 2005ರಲ್ಲಿ ಮುಂದಿಟ್ಟ ಹೋರ್ಹೆ ಹಿರ್ಶ್ ಭೌತವಿಜ್ಞಾನಿ. ಒಂದೇ ಅಂಕಿ ಒಬ್ಬ ವಿಜ್ಞಾನಿಯ ಬಹುಮುಖ ಸಾಧನೆಯ ಸ್ಥೂಲ ಅಂದಾಜನ್ನಷ್ಟೇ ಕೊಡಬಲ್ಲದು ಎಂಬ ಎಚ್ಚರಿಕೆಯನ್ನು ಅವರೇ ಅದೇ ಪ್ರಬಂಧದಲ್ಲಿ ಬರೆದಿದ್ದಾರೆ.

ನಾನು ಹೇಳುತ್ತಿರುವುದು ಹೊಸದೇನಲ್ಲ. ಕೋಶ ಜೀವವಿಜ್ಞಾನಿಗಳು 2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿ ರೂಪಿಸಿದ ಘೋಷಣೆ, ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರನ್ನು ವ್ಯಕ್ತಿಗಳ ನೇಮಕಾತಿಗೆ, ಬಡ್ತಿಗೆ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2018ರಲ್ಲಿ ಹೊರಡಿಸಿದ ನೀತಿ ಹೇಳಿಕೆಯೂ ಎಣಿಕೆಯನ್ನು ಬಿಟ್ಟು ಆಯ್ದ ಕೆಲವು ಪ್ರಬಂಧಗಳ ಒಳಹುರುಳನ್ನು ನೋಡಬೇಕೆಂದೇ ಹೇಳುತ್ತದೆ. ಓದಲು ಜರ್ನಲ್ ಸಿಗುವುದಿಲ್ಲ ಎಂಬ ಹಳೆಯ ತೊಡಕೂ ಬಹುಮಟ್ಟಿಗೆ ನೀಗಿದೆ. ಒಂದು ದೇಶ ಒಂದು ಚಂದಾ ಯೋಜನೆಯಡಿ 2025ರಿಂದ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ, ರಾಜ್ಯ ವಿಶ್ವವಿದ್ಯಾಲಯಗಳೂ ಅದರಲ್ಲಿ ಸೇರಿವೆ.

ಆದ್ದರಿಂದ ಮುಂದಿನ ಅಧಿಸೂಚನೆಯ ಅರ್ಜಿ ನಮೂನೆಯಲ್ಲಿ, ಹೊಸ್ತಿಲಿಗೆ ಬೇಕಾದ ಅಂಕಗಳ ಕಲಂ ಹೊರತು, ಒಟ್ಟು ಇಂಪ್ಯಾಕ್ಟ್ ಫ್ಯಾಕ್ಟರ್ ಮತ್ತು ಎಚ್-ಇಂಡೆಕ್ಸ್ ಕಲಂಗಳನ್ನು ತೆಗೆದುಹಾಕಬೇಕೆಂದು ವಿನಂತಿಸುತ್ತೇನೆ. ಅವುಗಳ ಜಾಗದಲ್ಲಿ ಅಭ್ಯರ್ಥಿಯು ತಾನೇ ಆರಿಸಿದ ಐದು ಪ್ರಬಂಧಗಳನ್ನು ಸಲ್ಲಿಸಲಿ. ಪ್ರತಿಯೊಂದರಲ್ಲೂ ಕೇಳಿಕೊಂಡ ಪ್ರಶ್ನೆ ಯಾವುದು, ತನ್ನ ಕೈಯಿಂದ ಆದ ಕೆಲಸ ಯಾವುದು, ಆಮೇಲೆ ಏನಾಯಿತು ಎಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಒಂದು ಪುಟ ಬರೆಯಲಿ. ಅಭ್ಯರ್ಥಿಗಳು ನೂರಾರು ಇರುವಲ್ಲಿ ಎಲ್ಲರದ್ದನ್ನೂ ಓದಲಾಗದು ನಿಜ. ಸಂದರ್ಶನಕ್ಕೆ ಕರೆಯುವವರದ್ದನ್ನಂತೂ ಓದಬಹುದು. ಇಬ್ಬರು ವಿಷಯ ತಜ್ಞರು ಬೇರೆ ಬೇರೆಯಾಗಿ ಓದಿ ಬರೆದ ಟಿಪ್ಪಣಿ ಸಂದರ್ಶನದ ದಿನ ಎಲ್ಲರ ಮುಂದಿರಲಿ. ಅದರ ಪ್ರತಿ ಫಲಿತಾಂಶ ಬಂದ ಮೇಲೆ ಅಭ್ಯರ್ಥಿಗೂ ಸಿಗಲಿ.

ತಜ್ಞರಿಗೆ ಪುರುಸೊತ್ತಿಲ್ಲ ಎಂಬ ಉತ್ತರ ಬಂದೀತು. ನನ್ನ ಮಟ್ಟಿಗೆ ಹೇಳುವುದಾದರೆ, ಯಾವ ವಿಶ್ವವಿದ್ಯಾಲಯ ಕರೆದರೂ ಭತ್ಯೆ ಕೇಳದೆ ಓದಿ, ಬರೆದು, ಸಹಿ ಹಾಕಿ ಕೊಡಲು ಸಿದ್ಧನಿದ್ದೇನೆ, ನನ್ನ ಜೊತೆ ಇದನ್ನೇ ಹೇಳುವ ಸಹೋದ್ಯೋಗಿಗಳೂ ಇದ್ದಾರೆ. ಪ್ರಬಂಧಗಳನ್ನು ಸಂದರ್ಶನದ ಬೆಳಗ್ಗೆ ಮೇಜಿನ ಮೇಲೆ ಇಡುವ ಬದಲು ಒಂದು ತಿಂಗಳ ಮೊದಲು ಕಳುಹಿಸಿಕೊಡುವ ವ್ಯವಸ್ಥೆಯನ್ನಷ್ಟು ತಾವು ಮಾಡಿಸಿಕೊಡಬೇಕು.

ಇತಿ ತಮ್ಮ ವಿಶ್ವಾಸಿ,
ಮಾಲಿಕ್ಯುಲರ್ ಬಯಾಲಜಿಯ ಒಬ್ಬ ಅಧ್ಯಾಪಕ